ನೆಲ ಉಜ್ಜುವ ಯಂತ್ರಗಳು: ಬೆಲೆಪಟ್ಟಿಯ ಹಿಂದಿರುವ ಲೆಕ್ಕ

ಸಂಜೆ ದೀಪ ಹಚ್ಚಿದ ಮೇಲೆ ದೊಡ್ಡ ಜವಳಿ ಮಳಿಗೆಯೊಂದರ ನೆಲವನ್ನು ತುಸು ಓರೆಯಾಗಿ ನೋಡಿದವರಿಗೆ ಒಂದು ಸಂಗತಿ ಗೋಚರಿಸುತ್ತದೆ. ವಿಟ್ರಿಫೈಡ್ ಟೈಲ್ಸ್ ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ಅದರ ನಡುವಿನ ಸಂದಿಗಳು ಮಾತ್ರ ಕಪ್ಪುಗಟ್ಟಿರುತ್ತವೆ. ದಿನಕ್ಕೆ ಎರಡು ಬಾರಿ ನೆಲ ಒರೆಸುವುದು ತಪ್ಪಿಲ್ಲ, ಫಿನಾಯಿಲ್ ಖರ್ಚೂ ತಪ್ಪಿಲ್ಲ. ಮಾಲೀಕರು ಒರೆಸುವವರನ್ನು ಗದರಿಸುತ್ತಾರೆ. ವಾಸ್ತವದಲ್ಲಿ ದೋಷ ಒರೆಸುವವರದಲ್ಲ. ವಿಟ್ರಿಫೈಡ್ ಟೈಲ್ಸ್ ತನ್ನ ತೂಕದ ಶೇ. 0.5ಕ್ಕಿಂತ ಹೆಚ್ಚು ನೀರನ್ನು ಹೀರಬಾರದೆಂಬುದು ಅದರ ಮಾನಕ. ಸಂದಿಯಲ್ಲಿ ತುಂಬಿದ ಸಿಮೆಂಟ್ ಗ್ರೌಟ್ ಸೂಕ್ಷ್ಮ ರಂಧ್ರಗಳಿಂದ ಕೂಡಿದ್ದು, ಟೈಲ್ಸ್ ಮಟ್ಟಕ್ಕಿಂತ ಕೂದಲೆಳೆಯಷ್ಟು ತಗ್ಗಿನಲ್ಲಿರುತ್ತದೆ. ಒರೆಸುವ ಬಟ್ಟೆಯು ಕೊಳೆ ನೀರನ್ನು ಮೇಲ್ಮೈಯಿಂದ ಎತ್ತಿ ಆ ತಗ್ಗಿಗೆ ಸಾಗಿಸುತ್ತದೆ. ವರ್ಷಾನುಗಟ್ಟಲೆ ನಡೆಯುವುದು ಕೊಳೆಯ ಸ್ಥಳಾಂತರವೇ ಹೊರತು ಅದರ ನಿವಾರಣೆಯಲ್ಲ.

ಇದನ್ನು ನಿವಾರಿಸುವ ಕೆಲಸವೇ ಕಳೆದ ಎರಡು ದಶಕಗಳಲ್ಲಿ ಪ್ರತ್ಯೇಕ ವ್ಯವಹಾರವಾಗಿ ಬೆಳೆದಿದೆ. ಬೆಂಗಳೂರಿನ ತಂತ್ರಾಂಶ ಕಚೇರಿಗಳು, ಮಂಗಳೂರು ಹಾಗೂ ಹುಬ್ಬಳ್ಳಿಯ ಆಸ್ಪತ್ರೆಗಳು, ಎಲ್ಲ ಊರುಗಳ ಕಲ್ಯಾಣ ಮಂಟಪಗಳು ಮತ್ತು ವಾಣಿಜ್ಯ ಮಳಿಗೆಗಳು ಹೌಸ್‌ಕೀಪಿಂಗ್ ಗುತ್ತಿಗೆ ನೀಡಲಾರಂಭಿಸಿದ ಮೇಲೆ ಅಲ್ಪ ಬಂಡವಾಳದ ಅನೇಕ ಉದ್ದಿಮೆದಾರರು ಈ ಕ್ಷೇತ್ರವನ್ನು ಪ್ರವೇಶಿಸಿದ್ದಾರೆ. ಇಂತಹ ಸಂಸ್ಥೆಯೊಂದು ಮಾಡುವ ಮೊದಲ ದೊಡ್ಡ ಖರೀದಿಯೆಂದರೆ ಬ್ರಷ್ ಯಂತ್ರ. ತಪ್ಪು ಯಂತ್ರವನ್ನು ಕೊಂಡರೆ ಹಣ ಮೂಲೆ ಸೇರುವುದು ಒಂದು ನಷ್ಟ. ಗ್ರಾಹಕರ ರತ್ನಗಂಬಳಿಯ ಎಳೆ ಕೆದರಿದರೆ ಅಥವಾ ಅಮೃತಶಿಲೆ ಮಂಕಾದರೆ ಬರುವ ಪರಿಹಾರದ ಬೇಡಿಕೆ ಇನ್ನೊಂದು. ಎರಡನೆಯದು ಇಡೀ ವರ್ಷದ ಲಾಭವನ್ನು ಒಂದೇ ರಾತ್ರಿಯಲ್ಲಿ ಅಳಿಸಿಹಾಕಬಲ್ಲದು. ಆದರೂ ಹೆಚ್ಚಿನ ಖರೀದಿಗಳು ಮೂರು ಕೊಟೇಶನ್‌ಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಕೊನೆಯ ಸಾಲಿನ ಮೊತ್ತವನ್ನು ಮಾತ್ರ ಹೋಲಿಸಿ ಮುಗಿದುಹೋಗುತ್ತವೆ.

ಯಂತ್ರ ಮಾಡುವ ಕೆಲಸವಾದರೂ ಏನು?

ಜರ್ಮನಿಯ ಹೆಂಕೆಲ್ ಸಂಸ್ಥೆಯಲ್ಲಿದ್ದ ಮಾರ್ಜಕ ತಜ್ಞ ಹರ್ಬರ್ಟ್ ಸಿನ್ನರ್ ಅವರು 1959ರಲ್ಲಿ ಶುಚಿಗೊಳಿಸುವ ಕ್ರಿಯೆಯನ್ನು ನಾಲ್ಕು ಅಂಶಗಳಾಗಿ ವಿಂಗಡಿಸಿದರು: ರಾಸಾಯನಿಕ, ಯಾಂತ್ರಿಕ ಬಲ, ಉಷ್ಣತೆ ಮತ್ತು ಕಾಲ. ಒಂದನ್ನು ಇಳಿಸಿದರೆ ಉಳಿದ ಮೂರರಲ್ಲಿ ಯಾವುದನ್ನಾದರೂ ಏರಿಸಲೇಬೇಕು. ವೃತ್ತಿಪರ ಶುಚಿತ್ವದ ಕ್ಷೇತ್ರದಲ್ಲಿ ಇಂದಿಗೂ ಇದೇ ಸೂತ್ರವನ್ನು ಬೋಧಿಸಲಾಗುತ್ತದೆ. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ ಕಾಲವೆಂದರೆ ಕೂಲಿ, ರಾಸಾಯನಿಕವೆಂದರೆ ಬಳಕೆ ಸಾಮಗ್ರಿ, ಉಷ್ಣತೆಯೆಂದರೆ ಇಂಧನ, ಯಾಂತ್ರಿಕ ಬಲವೆಂದರೆ ಬಂಡವಾಳ. ಯಂತ್ರವನ್ನು ಕೊಳ್ಳುವ ಉದ್ದಿಮೆದಾರನು ಕೂಲಿಯ ಮತ್ತು ರಾಸಾಯನಿಕದ ಖರ್ಚನ್ನು ಬಂಡವಾಳದ ಖರ್ಚಾಗಿ ಪರಿವರ್ತಿಸುತ್ತಾನೆ. ಈ ವಿನಿಮಯ ಲಾಭದಾಯಕವೇ ಎಂಬುದಷ್ಟೇ ಪ್ರಶ್ನೆ.

ಮಾರುಕಟ್ಟೆಯಲ್ಲಿ ಬಹುಕಾಲದಿಂದ ಇರುವುದು ಸಿಂಗಲ್ ಡಿಸ್ಕ್ ಯಂತ್ರ. ಒಂದು ಮೋಟಾರು, ಅದರ ಕೆಳಗೆ ಒಂದೇ ದುಂಡು ಬ್ರಷ್, ಮೇಲೊಂದು ಹಿಡಿ. ಸಾಮಾನ್ಯ ಗಾತ್ರ 17 ಇಂಚು, ಅಂದರೆ ಸುಮಾರು 43 ಸೆಂ.ಮೀ.; ವೇಗ ನಿಮಿಷಕ್ಕೆ 150ರಿಂದ 175 ಸುತ್ತು; ತೂಕ ಹೆಚ್ಚುಕಡಿಮೆ 40 ಕಿಲೋ. ಹಿಡಿಯನ್ನು ತುಸು ಮೇಲೆತ್ತಿದರೆ ಯಂತ್ರ ಒಂದು ಬದಿಗೆ ಸರಿಯುತ್ತದೆ, ಕೆಳಗಿಳಿಸಿದರೆ ಇನ್ನೊಂದು ಬದಿಗೆ. ಇದನ್ನರಿಯದ ಹೊಸ ಕೆಲಸಗಾರನನ್ನು ಯಂತ್ರವೇ ಎಳೆದೊಯ್ದು ಗಾಜಿನ ಬಾಗಿಲಿಗೆ ಡಿಕ್ಕಿ ಹೊಡೆಸುವುದು ಅಪರೂಪದ ಸಂಗತಿಯೇನಲ್ಲ. ಕಲಿತವನ ಕೈಯಲ್ಲಿ ಮಾತ್ರ ಇದು ಬಹುಪಯೋಗಿ: ಬ್ರಷ್ ಬದಲಿಸಿದರೆ ಟೈಲ್ಸ್ ಉಜ್ಜುತ್ತದೆ, ಪ್ಯಾಡ್ ಹಾಕಿದರೆ ಹಳೆಯ ಮೇಣವನ್ನು ಕೀಳುತ್ತದೆ, ಅಮೃತಶಿಲೆಗೆ ಹೊಳಪು ಕೊಡುತ್ತದೆ, ಕಾರ್ಪೆಟ್ಟಿಗೆ ಶಾಂಪೂ ಹಚ್ಚುತ್ತದೆ. ಊರಿನ ಮೋಟಾರ್ ವೈಂಡಿಂಗ್ ಅಂಗಡಿಯವರೇ ದುರಸ್ತಿ ಮಾಡಬಲ್ಲಷ್ಟು ಸರಳವಾದ ರಚನೆ ಇದರದು. ದೊಡ್ಡ ಕೊರತೆಯೆಂದರೆ ಇದು ಕೊಳೆ ನೀರನ್ನು ಹೀರುವುದಿಲ್ಲ. ಉಜ್ಜಿ ಸಡಿಲಗೊಂಡ ಕೊಳೆಯನ್ನು ಕೂಡಲೇ ಬೇರೊಂದು ವ್ಯಾಕ್ಯೂಮ್ ಯಂತ್ರದಿಂದ ಎತ್ತದಿದ್ದರೆ ಅದು ಮತ್ತೆ ಸಂದಿಯಲ್ಲೇ ಕೂರುತ್ತದೆ. ಆದುದರಿಂದ ಸಿಂಗಲ್ ಡಿಸ್ಕ್ ಯಂತ್ರದ ಬೆಲೆಯನ್ನು ಓದುವಾಗ ವ್ಯಾಕ್ಯೂಮ್ ಬೆಲೆಯನ್ನೂ ಇನ್ನೊಬ್ಬ ಕೆಲಸಗಾರನ ಕೂಲಿಯನ್ನೂ ಕೂಡಿಸಿಯೇ ಓದತಕ್ಕದ್ದು.

ಎರಡನೆಯ ಬಗೆ, ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ತಿರುಗುವ ಎರಡು ಉರುಳೆ ಬ್ರಷ್‌ಗಳ ಯಂತ್ರ. ಬ್ರಿಟನ್ನಿನ ಟ್ರೂವಾಕ್ಸ್ ಸಂಸ್ಥೆಯ ಮಲ್ಟಿವಾಶ್ ಈ ವರ್ಗದಲ್ಲಿ ಪರಿಚಿತವಾದ ಹೆಸರು. ಇಂತಹ ಕೆಲವು ಮಾದರಿಗಳು ತಾವೇ ನೀರು ಚಿಮುಕಿಸಿ, ಉಜ್ಜಿ, ನಡುವಿನ ಉರುಳೆಯ ಮೂಲಕ ಕೊಳೆ ನೀರನ್ನು ತೊಟ್ಟಿಗೆ ಎತ್ತಿಕೊಳ್ಳುತ್ತವೆ. ಕಾರ್ಪೆಟ್ಟಿಗಾಗಿಯೇ ತಯಾರಾದ ಇನ್ನು ಕೆಲವು ಕೇವಲ ಉಜ್ಜುತ್ತವೆ. ಹೊರನೋಟಕ್ಕೆ ಎರಡೂ ಒಂದೇ ಆದುದರಿಂದ ಕೊಟೇಶನ್ನಿನಲ್ಲಿ ಈ ವ್ಯತ್ಯಾಸವನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ಇವು ಗಾತ್ರದಲ್ಲಿ ಚಿಕ್ಕವು. ಮೇಜಿನ ಕೆಳಗೆ, ಲಿಫ್ಟಿನೊಳಗೆ, ಎಸ್ಕಲೇಟರ್ ಬುಡಕ್ಕೆ ಹೋಗುತ್ತವೆ.

ಬೆಲೆಪಟ್ಟಿಯಲ್ಲಿ ಮೊದಲನೆಯ ಯಂತ್ರದ ವೇಗ 165 ಎಂದೂ ಎರಡನೆಯದರ ವೇಗ 650 ಎಂದೂ ಬರೆದಿದ್ದರೆ ಎರಡನೆಯದು ನಾಲ್ಕು ಪಟ್ಟು ಉಜ್ಜುತ್ತದೆ ಎಂದು ಮಾರಾಟ ಪ್ರತಿನಿಧಿ ಹೇಳುವುದುಂಟು. ಈ ಮಾತು ಸರಿಯಲ್ಲ. 43 ಸೆಂ.ಮೀ. ವ್ಯಾಸದ ಬ್ರಷ್ ನಿಮಿಷಕ್ಕೆ 165 ಸುತ್ತು ತಿರುಗಿದಾಗ ಅದರ ಅಂಚು ಸೆಕೆಂಡಿಗೆ ಸುಮಾರು 3.7 ಮೀಟರ್ ವೇಗದಲ್ಲಿ ಚಲಿಸುತ್ತದೆ. 10 ಸೆಂ.ಮೀ. ವ್ಯಾಸದ ಉರುಳೆಯು 650 ಸುತ್ತು ತಿರುಗಿದಾಗ ಅದರ ಅಂಚಿನ ವೇಗ ಸೆಕೆಂಡಿಗೆ 3.4 ಮೀಟರ್. ಅಂದರೆ ಹೆಚ್ಚುಕಡಿಮೆ ಸಮಾನ. ನಿಜವಾದ ಭೇದ ಬೇರೆಡೆ ಇದೆ. ದುಂಡು ಬ್ರಷ್ಷಿನ ನಡುಭಾಗ ಅಷ್ಟೇನೂ ಚಲಿಸುವುದಿಲ್ಲ, ಉರುಳೆಯಾದರೋ ತನ್ನ ಉದ್ದಕ್ಕೂ ಒಂದೇ ವೇಗದಲ್ಲಿರುತ್ತದೆ. ಅದಕ್ಕಿಂತ ಮುಖ್ಯವಾಗಿ, 40 ಕಿಲೋ ತೂಕವು 43 ಸೆಂ.ಮೀ. ವೃತ್ತದ ಮೇಲೆ ಹರಡಿದಾಗ ಚದರ ಸೆಂ.ಮೀ.ಗೆ 28 ಗ್ರಾಂನಷ್ಟು ಒತ್ತಡ ಮಾತ್ರ ಬೀಳುತ್ತದೆ. 34 ಸೆಂ.ಮೀ. ಉದ್ದದ ಎರಡು ಉರುಳೆಗಳು ತಲಾ ಎರಡು ಸೆಂ.ಮೀ. ಅಗಲದಲ್ಲಿ ನೆಲವನ್ನು ಮುಟ್ಟುತ್ತವೆಂದು ಭಾವಿಸಿದರೆ, 25 ಕಿಲೋ ತೂಕದ ಯಂತ್ರವೂ ಚದರ ಸೆಂ.ಮೀ.ಗೆ 180 ಗ್ರಾಂಗಿಂತ ಹೆಚ್ಚು ಒತ್ತುತ್ತದೆ. ಹಗುರ ಯಂತ್ರ ದುರ್ಬಲವೆಂಬ ಭಾವನೆಯಿಂದ ಇದನ್ನು ಕೈಬಿಟ್ಟವರು ಈ ಭಾಗಾಕಾರವನ್ನು ಮಾಡಿ ನೋಡಿರಲಾರರು.

ಮೂರು ಚಿಕ್ಕ ಬ್ರಷ್‌ಗಳು ತಾವೂ ತಿರುಗುತ್ತಾ ಒಟ್ಟಾಗಿಯೂ ಸುತ್ತುವ ಯಂತ್ರಗಳಿವೆ. ದೊಡ್ಡ ಕಾರ್ಪೆಟ್ ಸಭಾಂಗಣಗಳಿಗೆ ಅವು ಹೇಳಿಮಾಡಿಸಿದಂತಿವೆ. ವೃತ್ತಾಕಾರದ ಕಿರುಚಲನೆಯಲ್ಲಿ ನಿಮಿಷಕ್ಕೆ 1,700ಕ್ಕೂ ಹೆಚ್ಚು ಬಾರಿ ಕಂಪಿಸುವ ಆರ್ಬಿಟಲ್ ಯಂತ್ರಗಳು ಎಳೆಗಳ ಮೇಲೆ ಮೃದುವಾಗಿರುತ್ತವೆ, ನಡೆಸುವುದೂ ಸುಲಭ; ಆಳವಾದ ಸಂದಿಗಳ ಮಟ್ಟಿಗೆ ಅವುಗಳಿಂದ ಹೆಚ್ಚು ನಿರೀಕ್ಷಿಸುವಂತಿಲ್ಲ. ವಿಮಾನ ನಿಲ್ದಾಣ ಅಥವಾ ಕಾರ್ಖಾನೆಯಂತಹ ವಿಶಾಲ ನೆಲಕ್ಕೆ ಬ್ಯಾಟರಿ ಚಾಲಿತ ಸ್ಕ್ರಬ್ಬರ್ ಡ್ರೈಯರ್ ಬೇಕು. ಅದು ಕಾರ್ಪೆಟ್ ಮೇಲೆ ಓಡುವ ಯಂತ್ರವಲ್ಲವಾದುದರಿಂದ ಈ ಹೋಲಿಕೆಯಿಂದ ಹೊರಗಿಡಲಾಗಿದೆ.

ಬ್ರಷ್ಷೋ ಪ್ಯಾಡೋ

ಯಂತ್ರದ ಬಗ್ಗೆ ಇಷ್ಟೆಲ್ಲ ವಿಚಾರಿಸುವವರು ಅದರ ಕೆಳಗೆ ಹಾಕುವ ವಸ್ತುವಿನ ಬಗ್ಗೆ ಪ್ರಶ್ನೆಯನ್ನೇ ಕೇಳುವುದಿಲ್ಲ. ಪ್ಯಾಡ್ ಅಗ್ಗ. ಕಪ್ಪು ಬಣ್ಣದ್ದು ಮೇಣ ಕೀಳಲು, ಹಸಿರು ಅಥವಾ ನೀಲಿ ಉಜ್ಜಲು, ಕೆಂಪು ತಿಕ್ಕಿ ಹೊಳಪಿಸಲು, ಬಿಳಿ ಅಂತಿಮ ಹೊಳಪಿಗೆ ಎಂಬುದು ರೂಢಿಯ ಕ್ರಮ. ಸಮತಟ್ಟಾದ ಗ್ರಾನೈಟಿನ ಮೇಲೆ ಪ್ಯಾಡ್ ಚೆನ್ನಾಗಿ ಕೆಲಸ ಮಾಡುತ್ತದೆ. ಟೈಲ್ಸ್ ನೆಲದ ಮೇಲೆ ಅದು ಸಂದಿಗಳನ್ನು ಮುಟ್ಟದೆ ಮೇಲಿಂದಲೇ ಜಾರಿಹೋಗುತ್ತದೆ. ಮೊದಲೇ ಸ್ವಚ್ಛವಾಗಿದ್ದ ಟೈಲ್ಸ್ ಇನ್ನಷ್ಟು ಸ್ವಚ್ಛವಾಗುತ್ತದೆ, ಕಪ್ಪು ಸಂದಿ ಕಪ್ಪಾಗಿಯೇ ಉಳಿಯುತ್ತದೆ. ತಗ್ಗಿಗೆ ಇಳಿಯಬಲ್ಲದ್ದು ಬ್ರಷ್ಷಿನ ಎಳೆ ಮಾತ್ರ. ಸಾಧಾರಣ ಕೆಲಸಕ್ಕೆ ನೈಲಾನ್ ಅಥವಾ ಪಾಲಿಪ್ರೊಪಿಲೀನ್ ಎಳೆ ಸಾಕು. ಎಳೆಯೊಳಗೆ ಸಿಲಿಕಾನ್ ಕಾರ್ಬೈಡ್ ಕಣಗಳನ್ನು ಸೇರಿಸಿದ ಬ್ರಷ್‌ಗಳೂ ದೊರೆಯುತ್ತವೆ. ಒರಟು ಕಾಂಕ್ರೀಟಿಗೆ ಅವು ಸರಿ, ಹೊಳಪಿನ ಟೈಲ್ಸ್ ಮೇಲೆ ಬಳಸಿದರೆ ಗೀರು ಬಿದ್ದೀತು.

ರಾಸಾಯನಿಕದ ವಿಷಯದಲ್ಲಿ ಒಂದು ಎಚ್ಚರಿಕೆ ಇಲ್ಲಿ ಅಪ್ರಸ್ತುತವಾಗಲಾರದು. ಸಂದಿಯ ಕಪ್ಪನ್ನು ಬೇಗ ತೆಗೆಯಲೆಂದು ಅಂಗಡಿಯಲ್ಲಿ ಸಿಗುವ ಆ್ಯಸಿಡ್ ಸುರಿಯುವ ಅಭ್ಯಾಸ ವ್ಯಾಪಕವಾಗಿದೆ. ಆ್ಯಸಿಡ್ ಕೊಳೆಯೊಂದಿಗೆ ಗ್ರೌಟನ್ನೂ ತಿನ್ನುತ್ತದೆ. ಸಂದಿ ಇನ್ನಷ್ಟು ತಗ್ಗಾಗಿ ಮುಂದಿನ ಬಾರಿ ಮತ್ತಷ್ಟು ಕೊಳೆಯನ್ನು ಹಿಡಿಯುತ್ತದೆ. ಶಹಾಬಾದ್ ಕಲ್ಲು, ಕಡಪಾ ಕಲ್ಲು, ಅಮೃತಶಿಲೆ ಇವೆಲ್ಲವೂ ಸುಣ್ಣದ ಅಂಶದಿಂದಾದವು. ಇವುಗಳ ಮೇಲೆ ಆ್ಯಸಿಡ್ ಬಿದ್ದರೆ ನೊರೆಯುಕ್ಕಿ ಹೊಳಪು ಹೋಗುತ್ತದೆ, ಮತ್ತೆ ಪಾಲಿಶ್ ಮಾಡಿಸದ ಹೊರತು ಮರಳುವುದಿಲ್ಲ. ಉಪಾಹಾರ ಗೃಹ, ಬೇಕರಿ, ಕುರುಕಲು ತಿಂಡಿ ಘಟಕಗಳ ನೆಲದಲ್ಲಿರುವುದು ಎಣ್ಣೆ ಜಿಡ್ಡಾದುದರಿಂದ ಅಲ್ಲಿಗೆ ಬೇಕಾದುದು ಕ್ಷಾರೀಯ ದ್ರಾವಣ. ಅದನ್ನು ಸುರಿದ ಮೇಲೆ ಐದಾರು ನಿಮಿಷ ಹಾಗೆಯೇ ಬಿಟ್ಟು, ಒಣಗುವ ಮುನ್ನ ಉಜ್ಜಬೇಕು. ಸಿನ್ನರ್ ಅವರ ನಾಲ್ಕು ಅಂಶಗಳಲ್ಲಿ ಹಣ ಕೊಡದೆ ದೊರೆಯುವುದು ಈ ಐದಾರು ನಿಮಿಷಗಳೇ; ಅಷ್ಟರಲ್ಲಿ ಕೆಲಸಗಾರನು ಪಕ್ಕದ ಭಾಗಕ್ಕೆ ದ್ರಾವಣ ಹಾಕಿಕೊಳ್ಳಬಹುದು. ಕೊಳವೆಬಾವಿಯ ಗಡಸು ನೀರು ಬಳಸುವೆಡೆ ಸೋಪು ನೀರು ಬಿಳಿ ಪೊರೆಯನ್ನು ಬಿಡುವುದರಿಂದ ಸಂಶ್ಲೇಷಿತ ಮಾರ್ಜಕವೇ ಲೇಸು.

ರತ್ನಗಂಬಳಿಯ ಹಟ

ಟೈಲ್ಸ್ ಕಠಿಣವಾದರೂ ಕ್ಷಮಾಶೀಲ, ಕಾರ್ಪೆಟ್ ಹಾಗಲ್ಲ. ಕಚೇರಿಗಳಲ್ಲಿ ಹಾಸಿರುವುದು ಬಹುಮಟ್ಟಿಗೆ 50 ಸೆಂ.ಮೀ. ಚೌಕದ ನೈಲಾನ್ ಕಾರ್ಪೆಟ್ ಟೈಲ್ಸ್. ಅವುಗಳ ಎಳೆಗಳು ಕುಣಿಕೆಯಂತೆ ಬಾಗಿ ಎರಡೂ ತುದಿ ತಳದಲ್ಲೇ ಇರುತ್ತವೆ. ಇದನ್ನು ಲೂಪ್ ಪೈಲ್ ಎನ್ನುತ್ತಾರೆ. ಮೃದುವಾದ ಶಾಂಪೂ ಬ್ರಷ್ ಹಾಕಿದ ಸಿಂಗಲ್ ಡಿಸ್ಕ್ ಯಂತ್ರವನ್ನು ಇವು ತಾಳಿಕೊಳ್ಳುತ್ತವೆ. ಹೋಟೆಲಿನ ಕೊಠಡಿಗಳಲ್ಲಿ ಮತ್ತು ದುಬಾರಿ ಸಭಾಗೃಹಗಳಲ್ಲಿರುವುದು ತುದಿ ಕತ್ತರಿಸಿದ ಎಳೆಗಳ ಕಟ್ ಪೈಲ್. ದುಂಡು ಬ್ರಷ್ ಒಂದೇ ಕಡೆಗೆ ತಿರುಗುತ್ತಾ ಹೋದಾಗ ಈ ಎಳೆಗಳ ಹುರಿ ಬಿಚ್ಚಿಕೊಂಡು, ನೆಲದ ಮೇಲೆ ವೃತ್ತಾಕಾರದ ಗುರುತುಗಳು ಶಾಶ್ವತವಾಗಿ ಉಳಿಯುವ ಅಪಾಯವಿದೆ. ವಿರುದ್ಧ ದಿಕ್ಕಿನ ಎರಡು ಉರುಳೆಗಳು ಎಳೆಯನ್ನು ಎರಡೂ ಬದಿಗಳಿಂದ ಬಾಚುವುದರಿಂದ ಅದು ನೆಟ್ಟಗೆ ನಿಲ್ಲುತ್ತದೆ. ಈ ಒಂದು ವಿಷಯದಲ್ಲಿ ಎರಡು ಯಂತ್ರಗಳ ನಡುವೆ ನಿಜವಾದ ಸ್ಪರ್ಧೆಯೇ ಇಲ್ಲ.

ನೀರಿನ ಪ್ರಮಾಣ ಇನ್ನೊಂದು ಸೂಕ್ಷ್ಮ. ಸೆಣಬಿನ ತಳವಿರುವ ಉಣ್ಣೆಯ ಕಾರ್ಪೆಟ್ ಅತಿಯಾಗಿ ನೆನೆದರೆ ಕುಗ್ಗುತ್ತದೆ, ಒಣಗುವಾಗ ಕಂದು ಕಲೆ ಮೇಲೆ ಬರುತ್ತದೆ. ತೀವ್ರ ಕ್ಷಾರವೂ ಉಣ್ಣೆಗೆ ಒಗ್ಗದು. ಬಿಸಿ ನೀರನ್ನು ಚಿಮ್ಮಿಸಿ ಹೀರುವ ವಿಧಾನ ಆಳದ ಕೊಳೆಗೆ ಉತ್ತಮವಾದರೂ ಒಣಗಲು ಹಲವು ಗಂಟೆ ಬೇಕು. ಕರಾವಳಿಯ ಮಳೆಗಾಲದಲ್ಲಿ ಬೆಳಗಾಗುವುದರೊಳಗೆ ಒಣಗುವ ಭರವಸೆ ಇಲ್ಲ. ಅದರಿಂದಲೇ ಅಲ್ಪ ತೇವಾಂಶದ ಎನ್‌ಕ್ಯಾಪ್ಸುಲೇಶನ್ ವಿಧಾನ ಕಚೇರಿಗಳಲ್ಲಿ ಪ್ರಚಲಿತವಾಗಿದೆ. ಇದರಲ್ಲಿ ಬಳಸುವ ಮಾರ್ಜಕವು ಕೊಳೆಯನ್ನು ಸುತ್ತುವರಿದು ಗರಿಗರಿಯಾದ ಹರಳಾಗಿ ಒಣಗುತ್ತದೆ, ಮುಂದಿನ ವ್ಯಾಕ್ಯೂಮ್‌ನಲ್ಲಿ ಹೊರಬರುತ್ತದೆ. ಒಂದೆರಡು ಗಂಟೆಯಲ್ಲಿ ಜನ ಓಡಾಡಬಹುದು. ಯಾವ ವಿಧಾನವಾದರೂ ಮೊದಲು ಒಣ ಧೂಳನ್ನು ವ್ಯಾಕ್ಯೂಮ್ ಮಾಡಿ ತೆಗೆಯದಿದ್ದರೆ ನೀರು ಬಿದ್ದೊಡನೆ ಧೂಳು ಕೆಸರಾಗುತ್ತದೆ. ಗುತ್ತಿಗೆಯ ಸಮಯ ಉಳಿಸಲು ಮೊದಲು ಕೈಬಿಡುವುದು ಈ ಹಂತವನ್ನೇ ಎಂಬುದು ವಿಷಾದನೀಯ. ಪ್ರಸಂಗವಶಾತ್ ಹೇಳುವುದಾದರೆ, ನವಲಗುಂದದ ಜಮಖಾನೆಯಂತಹ ಕೈಮಗ್ಗದ ಹತ್ತಿ ಹಾಸುಗಳನ್ನು ಯಾವ ಬ್ರಷ್ ಯಂತ್ರಕ್ಕೂ ಒಡ್ಡಬಾರದು.

ಚದರ ಮೀಟರಿನ ಲೆಕ್ಕ

ಈಗ ಕೊಟೇಶನ್ನಿಗೆ ಬರಬಹುದು. ಪ್ರತಿಯೊಂದು ಕರಪತ್ರದಲ್ಲೂ ‘ಗಂಟೆಗೆ ಇಷ್ಟು ಚದರ ಮೀಟರ್’ ಎಂಬ ಸಾಲೊಂದಿರುತ್ತದೆ. ಈ ಅಂಕಿ ಸಾಮಾನ್ಯವಾಗಿ ಬ್ರಷ್ಷಿನ ಅಗಲವನ್ನು ನಡಿಗೆಯ ವೇಗದಿಂದ ಗುಣಿಸಿ ಬಂದುದು. ಅರ್ಧ ಮೀಟರ್ ಅಗಲ, ಗಂಟೆಗೆ 4 ಕಿ.ಮೀ. ನಡಿಗೆ ಎಂದರೆ 2,000 ಚದರ ಮೀಟರ್. ಇದರಲ್ಲಿ ತಿರುವುಗಳಿಲ್ಲ, ಒಂದರ ಮೇಲೊಂದು ಬೀಳುವ ಪಟ್ಟಿಗಳಿಲ್ಲ, ನೀರು ತುಂಬುವ ಸಮಯವಿಲ್ಲ, ಕುರ್ಚಿ ಸರಿಸುವ ಕೆಲಸವಿಲ್ಲ. ಕಪ್ಪುಗಟ್ಟಿದ ಸಂದಿಯ ಮೇಲೆ ಮೂರು ಬಾರಿ ಹಾಯಬೇಕಾದ ಆಳವಾದ ಉಜ್ಜುವಿಕೆಯಲ್ಲಿ ಕೈಗೆ ಸಿಗುವುದು ಅದರ ಚಿಕ್ಕದೊಂದು ಭಾಗ ಮಾತ್ರ.

ಲೆಕ್ಕದ ಅನುಕೂಲಕ್ಕಾಗಿ ಒಂದು ಸಣ್ಣ ಸೇವಾ ಸಂಸ್ಥೆಯನ್ನು ಕಲ್ಪಿಸಿಕೊಳ್ಳಬಹುದು. ಅದು ತಿಂಗಳಿಗೆ 6,000 ಚದರ ಮೀಟರ್ ಟೈಲ್ಸ್ ಮತ್ತು 2,000 ಚದರ ಮೀಟರ್ ಕಾರ್ಪೆಟ್ ಶುಚಿಗೊಳಿಸುತ್ತದೆ. ಭವಿಷ್ಯ ನಿಧಿ, ಇ.ಎಸ್.ಐ., ರಜೆ ಸೇರಿ ಒಬ್ಬ ಕೆಲಸಗಾರನ ಒಂದು ಗಂಟೆಯ ವೆಚ್ಚ ರೂ. 100 ಎಂದಿಟ್ಟುಕೊಳ್ಳೋಣ. ಸಿಂಗಲ್ ಡಿಸ್ಕ್ ಯಂತ್ರ ಹಾಗೂ ವ್ಯಾಕ್ಯೂಮ್ ಸೇರಿ ರೂ. 90,000, ನೀರು ಹೀರುವ ಜೋಡಿ ಉರುಳೆ ಯಂತ್ರಕ್ಕೆ ರೂ. 2,40,000. ಈ ಎಲ್ಲ ಅಂಕಿಗಳೂ ಉದಾಹರಣೆಗಷ್ಟೇ. ಪ್ರತಿ ಸಂಸ್ಥೆಯೂ ತನ್ನ ಅಂಕಿಗಳನ್ನು ತುಂಬಿಕೊಳ್ಳತಕ್ಕದ್ದು.

ಸಿಂಗಲ್ ಡಿಸ್ಕ್‌ನೊಂದಿಗೆ ಇಬ್ಬರು ಗಂಟೆಗೆ 100 ಚದರ ಮೀಟರ್ ಟೈಲ್ಸ್, 50 ಚದರ ಮೀಟರ್ ಕಾರ್ಪೆಟ್ ಮುಗಿಸುತ್ತಾರೆಂದರೆ ಒಟ್ಟು 200 ಆಳು-ಗಂಟೆ, ಅಂದರೆ ರೂ. 20,000 ಕೂಲಿ. ಬ್ರಷ್ ಮತ್ತು ಪ್ಯಾಡ್ ರೂ. 800, ದುರಸ್ತಿ ರೂ. 700, ಎರಡು ಯಂತ್ರಗಳ ವಿದ್ಯುತ್ತು ಸುಮಾರು 210 ಯೂನಿಟ್‌ಗೆ ರೂ. 9ರಂತೆ ರೂ. 1,890. ಬೆಲೆಯನ್ನು 60 ತಿಂಗಳಿಗೆ ಹಂಚಿದರೆ ರೂ. 1,500, ಸರಾಸರಿ ಬಾಕಿಯ ಮೇಲೆ ಶೇ. 12ರ ಬಡ್ಡಿ ರೂ. 450. ಒಟ್ಟು ರೂ. 25,340, ಚದರ ಮೀಟರಿಗೆ ರೂ. 3.17.

ಜೋಡಿ ಉರುಳೆ ಯಂತ್ರವನ್ನು ಒಬ್ಬನೇ ನಡೆಸುತ್ತಾನೆ. ಟೈಲ್ಸ್ ಆಗಲಿ ಕಾರ್ಪೆಟ್ ಆಗಲಿ ಗಂಟೆಗೆ 80 ಚದರ ಮೀಟರ್ ಎಂದರೆ 100 ಗಂಟೆ, ರೂ. 10,000 ಕೂಲಿ. ಉರುಳೆ ಬ್ರಷ್‌ಗಳು ದುಬಾರಿಯಾದುದರಿಂದ ರೂ. 2,200; ದುರಸ್ತಿ ರೂ. 2,000, ವಿದ್ಯುತ್ತು ರೂ. 900; ಬೆಲೆಯ ಹಂಚಿಕೆ ರೂ. 4,000, ಬಡ್ಡಿ ರೂ. 1,200. ಒಟ್ಟು ರೂ. 20,300, ಚದರ ಮೀಟರಿಗೆ ರೂ. 2.54. ದುಬಾರಿ ಯಂತ್ರವು ತಿಂಗಳಿಗೆ ರೂ. 5,040 ಉಳಿಸಿತು. ರಾಸಾಯನಿಕದ ಖರ್ಚನ್ನು ಎರಡಕ್ಕೂ ಸಮಾನವೆಂದು ಭಾವಿಸಿ ಕೈಬಿಡಲಾಗಿದೆ.

ಇಲ್ಲಿಗೆ ನಿಲ್ಲಿಸಿದರೆ ಮಾರಾಟ ಪ್ರತಿನಿಧಿಗೆ ಸಂತೋಷವಾಗುತ್ತದೆ. ಆದರೆ ಗುತ್ತಿಗೆ ಕಾಲು ಭಾಗಕ್ಕಿಳಿದು ತಿಂಗಳಿಗೆ 2,000 ಚದರ ಮೀಟರ್ ಮಾತ್ರ ಉಳಿದರೆ, ಸಿಂಗಲ್ ಡಿಸ್ಕ್‌ನ ವೆಚ್ಚ ಚದರ ಮೀಟರಿಗೆ ರೂ. 3.90, ಜೋಡಿ ಉರುಳೆಯದು ರೂ. 4.49. ಬೆಲೆಯ ಹಂಚಿಕೆ ಮತ್ತು ಬಡ್ಡಿ ಕೆಲಸವಿರಲಿ ಇಲ್ಲದಿರಲಿ ತಪ್ಪುವುದಿಲ್ಲ. ಈ ಉದಾಹರಣೆಯಲ್ಲಿ ಎರಡು ಯಂತ್ರಗಳ ವೆಚ್ಚ ಸರಿದೂಗುವ ಮಟ್ಟ ತಿಂಗಳಿಗೆ ಸುಮಾರು 3,100 ಚದರ ಮೀಟರ್. ಅದಕ್ಕಿಂತ ಕಡಿಮೆ ಕೆಲಸವಿರುವವರಿಗೆ ಅಗ್ಗದ ಯಂತ್ರವೇ ನಿಜವಾಗಿ ಅಗ್ಗ.

ಇನ್ನೂ ಗಂಭೀರವಾದ ಅಂಶವೊಂದಿದೆ. ಉಳಿದದ್ದು 100 ಆಳು-ಗಂಟೆ. ಆದರೆ ಕೆಲಸಗಾರನಿಗೆ ಕೊಡುವುದು ತಿಂಗಳ ಪಗಾರ. ಉಳಿದ ಗಂಟೆಗಳಲ್ಲಿ ಅವನನ್ನು ಬೇರೊಂದು ಗುತ್ತಿಗೆಗೆ ಕಳುಹಿಸದಿದ್ದರೆ ಪಗಾರ ಪುಸ್ತಕದಲ್ಲಿ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಕೂಲಿಯನ್ನು ಬಿಟ್ಟು ಉಳಿದ ಖರ್ಚನ್ನಷ್ಟೇ ನೋಡಿದರೆ ಸಿಂಗಲ್ ಡಿಸ್ಕ್‌ನದು ರೂ. 5,340, ಜೋಡಿ ಉರುಳೆಯದು ರೂ. 10,300. ಅಂದರೆ ಉಳಿತಾಯವೆಂದು ಕಾಗದದಲ್ಲಿ ಕಂಡದ್ದು ಬ್ಯಾಂಕ್ ಖಾತೆಯಲ್ಲಿ ರೂ. 4,960ರ ಹೆಚ್ಚುವರಿ ಖರ್ಚಾಗಿ ಬರುತ್ತದೆ. ಯಂತ್ರ ಕೊಂಡ ಆರೇಳು ತಿಂಗಳಲ್ಲಿ ‘ಕೆಲಸವೇನೋ ಬೇಗ ಮುಗಿಯುತ್ತಿದೆ, ಕೈಯಲ್ಲಿ ಹಣ ಮಾತ್ರ ನಿಲ್ಲುತ್ತಿಲ್ಲ’ ಎನ್ನುವ ಗುತ್ತಿಗೆದಾರರ ಒಗಟಿಗೆ ಉತ್ತರ ಬಹುಪಾಲು ಇಲ್ಲೇ ಇರುತ್ತದೆ. ಹೊಸ ಕೆಲಸದ ಆದೇಶ ಕೈಗೆ ಬಂದ ಮೇಲೆ ಯಂತ್ರ ಕೊಳ್ಳುವುದು ಒಂದು ಕ್ರಮ, ಯಂತ್ರ ಬಂದ ಮೇಲೆ ಕೆಲಸ ಹುಡುಕುವುದು ಇನ್ನೊಂದು. ಎರಡನೆಯದಕ್ಕೆ ಬಡ್ಡಿ ಕಾಯುವುದಿಲ್ಲ.

ತೆರಿಗೆಯ ಒಂದೆರಡು ಮಾತು

ಸರಕು ಮತ್ತು ಸೇವಾ ತೆರಿಗೆಯಡಿ ನೋಂದಣಿ ಪಡೆದು ಸೇವೆಗೆ ತೆರಿಗೆ ವಿಧಿಸುವ ಸಂಸ್ಥೆಯು ಯಂತ್ರದ ಮೇಲೆ ತೆತ್ತ ತೆರಿಗೆಯನ್ನು ಹೂಡುವಳಿ ತೆರಿಗೆಯಾಗಿ ಜಮೆ ಪಡೆಯಬಹುದು. ಆ ತೆರಿಗೆಯ ಮೊತ್ತವನ್ನು ಯಂತ್ರದ ಬೆಲೆಗೆ ಸೇರಿಸಿ ಅದರ ಮೇಲೆ ಸವಕಳಿಯನ್ನೂ ಪಡೆಯುವಂತಿಲ್ಲ. ಎರಡರಲ್ಲಿ ಒಂದು ಮಾತ್ರ. ರಾಜಿ ತೆರಿಗೆ ಪದ್ಧತಿಯಲ್ಲಿರುವ ವರ್ತಕರಿಗೂ ಶೇ. 5ರ ದರದಲ್ಲಿ ತೆರಿಗೆ ಕಟ್ಟುವ ಉಪಾಹಾರ ಗೃಹಗಳಿಗೂ ಈ ಜಮೆ ಇಲ್ಲ. ಅವರಿಗೆ ತೆರಿಗೆಯೂ ಯಂತ್ರದ ವೆಚ್ಚದ ಭಾಗವೇ. ಹೀಗಾಗಿ ಒಂದೇ ಯಂತ್ರ ಗುತ್ತಿಗೆದಾರನಿಗೆ ಒಂದು ಬೆಲೆಗೂ ಹೋಟೆಲ್ ಮಾಲೀಕನಿಗೆ ಇನ್ನೊಂದು ಬೆಲೆಗೂ ಬೀಳುತ್ತದೆ.

ಆದಾಯ ತೆರಿಗೆಯಲ್ಲಿ ಸಾಮಾನ್ಯ ಯಂತ್ರೋಪಕರಣಗಳಿಗೆ ಇಳಿಕೆ ಮೌಲ್ಯದ ಮೇಲೆ ಶೇ. 15ರ ಸವಕಳಿ ದೊರೆಯುತ್ತದೆ. ಖರೀದಿಯ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ ಮಾತ್ರ. ಸೆಪ್ಟೆಂಬರ್ ಅಂತ್ಯದೊಳಗೆ ಕೊಳ್ಳಬೇಕೆಂಬ ಸಲಹೆ ಇದರಿಂದಲೇ ಹುಟ್ಟಿದ್ದು. ಆದರೆ ಉಳಿದರ್ಧ ಎಲ್ಲಿಯೂ ಹೋಗುವುದಿಲ್ಲ, ಮುಂದಿನ ವರ್ಷಗಳಿಗೆ ಸಾಗುತ್ತದೆ. ದೀಪಾವಳಿಯ ಸಮಯದಲ್ಲಿ ಒಳ್ಳೆಯ ರಿಯಾಯಿತಿ ದೊರೆಯುವಂತಿದ್ದರೆ ಸವಕಳಿಗಾಗಿ ಆತುರಪಡುವುದು ಜಾಣತನವಲ್ಲ. ವೆಚ್ಚದ ಲೆಕ್ಕಕ್ಕೆ ತೆರಿಗೆಯ ಸವಕಳಿ ದರವನ್ನೇ ಬಳಸುವುದೂ ತಪ್ಪು. ರೂ. 2,40,000ದ ಯಂತ್ರವು ಐದು ವರ್ಷಗಳ ನಂತರವೂ ತೆರಿಗೆ ಲೆಕ್ಕದಲ್ಲಿ ರೂ. 1,06,000ಕ್ಕೂ ಮಿಗಿಲಾದ ಮೌಲ್ಯವನ್ನು ತೋರಿಸುತ್ತದೆ. ಅಷ್ಟರಲ್ಲಿ ಯಂತ್ರ ಗುಜರಿ ಸೇರಿರಬಹುದು.

ಹಣ ಕೊಡುವ ಮುನ್ನ

ಅಮೆರಿಕದ ಮಾರುಕಟ್ಟೆಗೆಂದು ತಯಾರಾದ ಯಂತ್ರಗಳು 115 ವೋಲ್ಟ್, 60 ಹರ್ಟ್ಸ್ ವಿದ್ಯುತ್ತಿಗೆ ರೂಪಿತವಾದವು. ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟೇಜ್ ಇಳಿಯುತ್ತದೆ, ಆವರ್ತನ ಬದಲಾಗುವುದಿಲ್ಲ. ಇಲ್ಲಿನ 50 ಹರ್ಟ್ಸ್‌ನಲ್ಲಿ ಇಂಡಕ್ಷನ್ ಮೋಟಾರಿನ 175 ಸುತ್ತು ಸುಮಾರು 146ಕ್ಕೆ ಇಳಿಯುತ್ತದೆ, ಮೋಟಾರು ಹೆಚ್ಚು ಬಿಸಿಯಾಗುತ್ತದೆ. ಪರದೇಶದಿಂದ ಕಡಿಮೆ ಬೆಲೆಗೆ ತರಿಸಿದ ಬಳಸಿದ ಯಂತ್ರಗಳಲ್ಲಿ ಈ ಅಂಶವನ್ನು ಮೊದಲು ನೋಡಬೇಕು. ಒದ್ದೆ ನೆಲದ ಮೇಲೆ ನಡೆಸುವ ಯಂತ್ರವಾದುದರಿಂದ ಸರಿಯಾದ ಭೂಸಂಪರ್ಕ ಹಾಗೂ 30 ಮಿಲಿ ಆಂಪಿಯರ್‌ನ ಸೋರಿಕೆ ರಕ್ಷಕ ಸ್ವಿಚ್ ಇಲ್ಲದ ಕಟ್ಟಡದಲ್ಲಿ ಕೆಲಸ ಹಿಡಿಯಬಾರದು. ತೆಳುವಾದ ಎಕ್ಸ್‌ಟೆನ್ಷನ್ ವೈರಿನಿಂದಲೂ ಮೋಟಾರುಗಳು ಸುಟ್ಟುಹೋಗುತ್ತವೆ. ಗ್ಯಾರಂಟಿಯಲ್ಲಿ ಇದು ಸೇರುವುದಿಲ್ಲ.

ಪ್ರಾತ್ಯಕ್ಷಿಕೆಯನ್ನು ಮಾರಾಟಗಾರನ ಷೋರೂಮಿನಲ್ಲಿ ನೋಡುವುದರಿಂದ ಪ್ರಯೋಜನವಿಲ್ಲ. ಯಂತ್ರವನ್ನು ಗುತ್ತಿಗೆಯ ಸ್ಥಳಕ್ಕೇ ತರಿಸಿ, ಅಡುಗೆಮನೆಯ ಬಾಗಿಲಿನಂತಹ ಅತ್ಯಂತ ಕೊಳಕಾದ ಜಾಗದಲ್ಲಿ ಅಳತೆ ಮಾಡಿದ ಹತ್ತು ಚದರ ಮೀಟರನ್ನು ಗಡಿಯಾರ ಹಿಡಿದು ಉಜ್ಜಿಸಬೇಕು. ನಡೆಸುವವನು ಮಾರಾಟಗಾರನ ನುರಿತ ತಂತ್ರಜ್ಞನಾಗಿರದೆ, ನಾಳೆ ಅದನ್ನು ನಡೆಸಬೇಕಾದ ಕೆಲಸಗಾರನೇ ಆಗಿರಬೇಕು. ಒದ್ದೆಯಾಗಿದ್ದಾಗ ಎಲ್ಲ ಟೈಲ್ಸೂ ಚೆಂದವೇ. ಸಂದಿಯ ಬಣ್ಣವನ್ನು ಮರುದಿನ ಒಣಗಿದ ಮೇಲೆ ನೋಡಿ ತೀರ್ಮಾನಿಸುವುದು ಕ್ಷೇಮ.

ಬಿಡಿಭಾಗಗಳ ಮಾತು ಕೊನೆಯಲ್ಲಿ ಬಂದರೂ ಚಿಕ್ಕದಲ್ಲ. ಡೆನ್ಮಾರ್ಕಿನ ನಿಲ್ಫಿಸ್ಕ್, ಜರ್ಮನಿಯ ಕಾರ್ಷರ್ ಮೊದಲಾದ ವಿದೇಶಿ ಸಂಸ್ಥೆಗಳ ಯಂತ್ರಗಳಿವೆ. ಜರ್ಮನಿಯ ಹಾಕೊ ಸಂಸ್ಥೆಯ ಸಹಯೋಗದಲ್ಲಿ ಬೆಳೆದ ರೂಟ್ಸ್ ಮಲ್ಟಿಕ್ಲೀನ್ ಪಕ್ಕದ ಕೊಯಮತ್ತೂರಿನಲ್ಲೇ ಇದೆ. ಯಾರದೇ ಆಗಿರಲಿ, ಉರುಳೆ ಬ್ರಷ್, ಬೆಲ್ಟ್, ರಬ್ಬರ್ ಪಟ್ಟಿ ಇವುಗಳ ಬೆಲೆಯನ್ನೂ ಅವು ಎಷ್ಟು ದಿನಗಳಲ್ಲಿ ತಲುಪುತ್ತವೆಂಬುದನ್ನೂ ಕೊಟೇಶನ್ನಿನಲ್ಲೇ ಬರೆಸಿಕೊಳ್ಳಬೇಕು. ಒಂದು ಬೆಲ್ಟಿಗಾಗಿ ಯಂತ್ರ ಮೂರು ವಾರ ನಿಂತರೆ ಆ ಅವಧಿಯ ಕೂಲಿ, ಬಡ್ಡಿ ಎರಡೂ ಓಡುತ್ತಲೇ ಇರುತ್ತವೆ, ಜತೆಗೆ ಗ್ರಾಹಕರು ಬಿಲ್ಲಿನಲ್ಲಿ ಕಡಿತ ಮಾಡುತ್ತಾರೆ. ಹೆಚ್ಚಿನ ಗುತ್ತಿಗೆಗಳು ಹನ್ನೊಂದು ತಿಂಗಳಿಗೋ ಒಂದು ವರ್ಷಕ್ಕೋ ಆಗುತ್ತವೆ, ಯಂತ್ರದ ಸಾಲದ ಕಂತುಗಳಾದರೋ ಮೂವತ್ತಾರು. ಗುತ್ತಿಗೆ ನವೀಕರಣವಾಗದಿದ್ದಲ್ಲಿ ಯಂತ್ರವನ್ನು ಇಳಿಕೆ ಮೌಲ್ಯದಲ್ಲಿ ಗ್ರಾಹಕರೇ ಕೊಂಡುಕೊಳ್ಳುವ ಷರತ್ತನ್ನು ಟೆಂಡರ್ ಹಂತದಲ್ಲೇ ಕೇಳಲು ಯಾವ ಅಡ್ಡಿಯೂ ಇಲ್ಲ. ಅದಕ್ಕೆ ಅವರು ಒಪ್ಪದಿದ್ದರೆ ಮೊದಲ ವರ್ಷಕ್ಕೆ ಯಂತ್ರವನ್ನು ಬಾಡಿಗೆಗೆ ಪಡೆದು, ಆ ಬಾಡಿಗೆಯನ್ನು ಚದರ ಮೀಟರಿನ ದರದಲ್ಲಿ ಸೇರಿಸಿ ಟೆಂಡರ್ ಸಲ್ಲಿಸಬಹುದು.